ತಿಪ್ಪೆಗೆ ಬ್ಯಾಟರಿ ಎಸೆಯಬೇಡಿ

ಮಕ್ಕಳೇ, ನಮ್ಮ ಪೆದ್ದೆಮುಲ್ ಕಡೆ ತಿಪ್ಪೆ ಅಂದರೆ ಬರೀ ಕಸ ಅಲ್ಲ, ತೊಗರಿ ಹೊಲಕ್ಕೆ ಹೋಗುವ ಗೊಬ್ಬರ. ಈಗ ಅದೇ ತಿಪ್ಪೆಗೆ ಹಳೆ ಸೆಲ್, ಒಡೆದ ಟ್ಯೂಬ್‌ಲೈಟ್, ಕೆಟ್ಟ ಮೊಬೈಲ್ ಬೀಳುತ್ತಿವೆ. ಕೇಳಿದರೆ "ಮಣ್ಣಲ್ಲಿ ಕೊಳೆತು ಹೋಗುತ್ತೆ ಬಿಡಿ ಸರ್" ಅನ್ನುತ್ತೀರಿ. ಈ ಮಾತು ತಪ್ಪು.

ಸೆಗಣಿ, ಎಲೆ ಕೊಳೆಯುತ್ತವೆ. ಸೂಕ್ಷ್ಮಜೀವಿಗಳು ಅವುಗಳಲ್ಲಿರುವ ಸಂಯುಕ್ತಗಳನ್ನು ಒಡೆಯುತ್ತವೆ. ಆದರೆ ಸೀಸ, ಪಾದರಸ, ಕ್ಯಾಡ್ಮಿಯಂ ಧಾತುಗಳು. ಅವನ್ನು ಯಾವ ಜೀವಿಯೂ ಒಡೆಯಲಾರದು. ಮಣ್ಣಿಗೆ ಸೇರಿದ್ದು ಮಣ್ಣಲ್ಲೇ ಉಳಿಯುತ್ತದೆ, ಇಲ್ಲವೇ ನೀರಿಗೋ ಗಿಡಕ್ಕೋ ಹೋಗುತ್ತದೆ.

ಹಳೆಯ ರೀಚಾರ್ಜ್ ಸೆಲ್‌ಗಳಲ್ಲಿರುವ ಕ್ಯಾಡ್ಮಿಯಂ ಗುಣದಲ್ಲಿ ಸತುವನ್ನು ಹೋಲುತ್ತದೆ. ಗಿಡಕ್ಕೆ ಸತು ಬೇಕು. ಆ ದಾರಿಯಲ್ಲೇ ಕ್ಯಾಡ್ಮಿಯಂ ಕೂಡ ಬೇರಿನೊಳಗೆ ನುಗ್ಗಿ, ಪಾಲಕ್‌ನಂಥ ಸೊಪ್ಪಿನ ಎಲೆಗೆ ಏರುತ್ತದೆ. ತೊಳೆದರೂ ಹೋಗದು, ಬೇಯಿಸಿದರೂ ಹೋಗದು. ತಿಂದವರ ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂತುಬಿಡುತ್ತದೆ.

ಬೆಂಗಳೂರಿನ ಕಸವನ್ನು ಹತ್ತಿರದ ಮಾವಳ್ಳಿಪುರದಲ್ಲಿ ವರ್ಷಾನುಗಟ್ಟಲೆ ಸುರಿದರು. ಕಸದಿಂದ ಇಳಿದ ಕಪ್ಪು ನೀರು ಸುತ್ತಲಿನ ನೆಲ, ನೀರನ್ನು ಕೆಡಿಸಿತು. ಊರವರು ಹೋರಾಡಿ 2012ರಲ್ಲಿ ಕಸ ಸುರಿಯುವುದನ್ನು ನಿಲ್ಲಿಸಿದರು. ಕಸದ ಲಾರಿ ನಿಂತಿತು, ಸುರಿದ ಕಸ ಅಲ್ಲೇ ಉಳಿಯಿತು.

ನಮ್ಮ ತಿಪ್ಪೆ ಅಷ್ಟು ದೊಡ್ಡದಲ್ಲ, ನಿಜ. ಆದರೆ ಅದನ್ನು ನಾವೇ ಹೊಲಕ್ಕೆ ಹರಡುತ್ತೇವಲ್ಲ! 2022ರ ನಿಯಮಗಳ ಪ್ರಕಾರ ಹಳೆ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಅವರ ಕೈಗೆ ತಲುಪಿಸುವ ಮೊದಲ ಹೆಜ್ಜೆ ನಮ್ಮದು. ಪ್ರತಿ ಶಾಲೆಯಲ್ಲೂ ಸೆಲ್ ಹಾಕಲು ಒಂದು ಡಬ್ಬಿ ಇರಲಿ. ನಾಳೆ ಬರುವಾಗ ಮನೆಯ ಹಳೆ ಸೆಲ್ ತನ್ನಿ, ಒಡೆಯಬೇಡಿ, ಸುಡಬೇಡಿ.