ಕಸಿಗೆ ಲಸಿಕೆಯ ನಿಬಂಧನೆ ನ್ಯಾಯವೇ?

ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ಮನಸ್ಸಾಕ್ಷಿಯ ಕಾರಣ ನೀಡಿ ಕೋವಿಡ್ ಲಸಿಕೆಯನ್ನು ನಿರಾಕರಿಸಿದ ಮಹಿಳೆಯೊಬ್ಬರಿಗೆ ಅಂಗಾಂಗ ಕಸಿಯ ಸರದಿಯಲ್ಲಿ ಸ್ಥಾನ ದೊರೆಯಲಿಲ್ಲ. ಚಿಕಿತ್ಸೆಯ ಇಂಥ ನಿರ್ಧಾರಕ್ಕೆ ಹಕ್ಕುಗಳ ಸನ್ನದು ಅನ್ವಯಿಸದೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿತು. 2023ರಲ್ಲಿ ಆಕೆ ಮರಣ ಹೊಂದಿದರು.

ಕಸಿಯ ತರುವಾಯ ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಔಷಧಿಗಳಿಂದ ಕುಗ್ಗಿಸಬೇಕಾಗುತ್ತದೆ. ಆಗ ಸೋಂಕು ಮಾರಕವಾಗಬಲ್ಲದು. ದಾನದ ಅಂಗಗಳೋ ವಿರಳ. ಆದುದರಿಂದ ನಿಬಂಧನೆಯನ್ನೇ ಅನ್ಯಾಯವೆನ್ನಲಾಗದು. ಆದರೆ ಅದು ವೈದ್ಯಕೀಯ ಅಳತೆಗೋಲಾಗಿರಬೇಕೇ ಹೊರತು ದಂಡನೆಯಾಗಬಾರದು.

ಲಸಿಕೆಯು ಸ್ವಇಚ್ಛೆಯದಾಗಿರಬೇಕೆಂದು 2020ರಲ್ಲಿ ವ್ಯಾಟಿಕನ್ ತಿಳಿಸಿತು; ನಿರಾಕರಿಸುವವರು ಸೋಂಕು ಹರಡದಂತೆ ಎಚ್ಚರ ವಹಿಸಬೇಕೆಂದೂ ನೆನಪಿಸಿತು. ಪ್ರಿಯ ಓದುಗರೇ, ಸರದಿಯಲ್ಲಿ ಸ್ಥಾನ ಸಿಗದವರಿಗೂ ನಮ್ಮ ಕರುಣೆಯಲ್ಲಿ ಸ್ಥಾನವಿರಲಿ. ಅವರನ್ನು ಹೀಯಾಳಿಸದೆ, ಕೊನೆಯವರೆಗೂ ಅವರ ಹಾಸಿಗೆಯ ಬಳಿ ಕುಳಿತಿರುವುದು ನಮ್ಮ ಕರ್ತವ್ಯ.