ಮನೆಯಂಗಳದ ಮಸಿ, ಪರದೇಶದ ಮನ್ನಣೆ

ಮನಿಲಾದ ಬೀದಿಯಂಗಡಿಗಳಲ್ಲಿ ಬಾಡಿಗೆಗೆ ದೊರೆಯುತ್ತಿದ್ದ ಚಿತ್ರಕಥೆಗಳನ್ನು ಅಲ್ಲಿನ ಸುಶಿಕ್ಷಿತ ವರ್ಗವು ಕಲೆಯೆಂದು ಗಣಿಸಲು ಹಿಂಜರಿಯುತ್ತಿತ್ತಾದರೂ, 1970ರ ದಶಕದ ಆದಿಯಲ್ಲಿ ನ್ಯೂಯಾರ್ಕಿನ ಡಿಸಿ ಎಂಬ ಚಿತ್ರಕಥಾ ಪ್ರಕಾಶನ ಸಂಸ್ಥೆಯ ಸಂಪಾದಕರು ಟೋನಿ ಡಿಝೂನಿಗಾ ಎಂಬ ಕಲಾವಿದನೊಡನೆ ಅಲ್ಲಿಗೆ ಬಂದು, ಊರು ಬಿಡದೆಯೇ ಅಮೆರಿಕದ ಪತ್ರಿಕೆಗಳಿಗೆ ಚಿತ್ರ ಬರೆದು ಅಂಚೆಯಲ್ಲಿ ಕಳುಹಬಲ್ಲವರನ್ನು ಆರಿಸಿಕೊಂಡ ಮೇಲೆ, ಅದೇ ಕುಂಚಜೀವಿಗಳಿಗೆ ಹೊಸದೊಂದು ಗೌರವ ಪ್ರಾಪ್ತವಾಯಿತು. ಜಾನ್ ಬುಸೆಮಾ ಪೆನ್ಸಿಲಿನಲ್ಲಿ ರೂಪಿಸಿದ ಕೋನನ್ ಕಥೆಯ ಪುಟಗಳ ಮೇಲೆ ಇವರಲ್ಲೊಬ್ಬರಾದ ಆಲ್ಫ್ರೆಡೊ ಆಲ್ಕಾಲಾ ಎಳೆದ ಮಸಿಗೆರೆಗಳನ್ನು ಕಂಡವರು ಬಲ್ಲರು: ಕಲ್ಲಿಗೊಂದು, ಕೂದಲಿಗೊಂದು, ಕತ್ತಲೆಗೊಂದು ನೇಯ್ಗೆ, ಮೂಲ ಚಿತ್ರಕಾರನೇ ತುಸು ಹಿಂದೆ ಸರಿದು ನಿಂತಂತೆ ತೋರುವಷ್ಟು ಸಮೃದ್ಧಿ. ಇಂತಹ ಕೈಗಳಿಗೆ ಅಮೆರಿಕದ ಕಲಾವಿದರಿಗಿಂತ ಕಡಮೆ ಸಂಭಾವನೆ ಸಲ್ಲುತ್ತಿತ್ತೆಂಬುದನ್ನು, ಆ ಕೀರ್ತಿಯನ್ನು ಕೊಂಡಾಡುವಾಗ ನಾವು ಮರೆಯತಕ್ಕದ್ದಲ್ಲ. ಅಗ್ಗವೂ ಅವರನ್ನು ಆರಿಸಿದ ಕಾರಣಗಳಲ್ಲೊಂದು.

ಇಂದು ವಿಮಾನದಂಚೆಯ ಸ್ಥಾನವನ್ನು ಅಂತರ್ಜಾಲವು ಆಕ್ರಮಿಸಿದೆ. ಲೈನಿಲ್ ಯು ಅವರಂಥವರು ಫಿಲಿಪ್ಪೀನ್ಸಿನಲ್ಲಿದ್ದುಕೊಂಡೇ ಮಾರ್ವೆಲ್ ಸಂಸ್ಥೆಯ ಮುಂಚೂಣಿಯ ಚಿತ್ರಕಾರರೆನಿಸಿದ್ದಾರೆ. ಪರದೇಶದ ಮುದ್ರೆ ಬಿದ್ದ ಹೊರತು ಸ್ವದೇಶದ ಕಣ್ಣು ತೆರೆಯದೆಂಬುದು ನಮಗೂ ಅಪರಿಚಿತವಾದ ರೋಗವೇನಲ್ಲ. ಟಗಾಲೊಗ್ ಓದುಗರಿಗಾಗಿ ದಶಕಗಳ ಕಾಲ ಚಿತ್ರಕಥೆಗಳನ್ನು ರಚಿಸಿದ ಫ್ರಾನ್ಸಿಸ್ಕೊ ಕೊಚಿಂಗರಿಗೆ ರಾಷ್ಟ್ರೀಯ ಕಲಾವಿದ ಪದವಿ ದೊರೆತದ್ದು 2014ರಲ್ಲಿ, ಅವರು ಗತಿಸಿ ಸುಮಾರು 16 ವರ್ಷಗಳಾದ ಬಳಿಕ.