ಊಟ ಹಾಕಿಸ್ತೀರಿ ಸರಿ, ಅಗಿಯೋಕೆ ಹಲ್ಲು?



ಮಗುವಿನ ಹುಟ್ಟುಹಬ್ಬ, ಅಪ್ಪನ ತಿಥಿ ಬಂತೆಂದರೆ ವೃದ್ಧಾಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸುವವರಿಗೆ ನಮ್ಮಲ್ಲಿ ಬರವಿಲ್ಲ. ಫೋಟೋ ತೆಗೆಸಿಕೊಂಡು ಹೊರಡುವ ಮುನ್ನ ಒಮ್ಮೆ ಎಲೆಗಳ ಕಡೆ ನೋಡಿ. ಚಕ್ಕುಲಿ ಹಾಗೇ ಇರುತ್ತದೆ, ಕೋಸಂಬರಿ ಬದಿಗೆ ಸರಿದಿರುತ್ತದೆ. ಅನ್ನ, ತಿಳಿಸಾರು ಮಾತ್ರ ಖಾಲಿ.

“ವಯಸ್ಸಾಯ್ತು, ಹಲ್ಲು ಹೋಗುತ್ತೆ ಬಿಡಿ” ಅನ್ನಬೇಡಿ. ಹಲ್ಲು ಬೀಳಿಸುವುದು ಹುಳುಕು ಮತ್ತು ವಸಡಿನ ಕಾಯಿಲೆ. ಬಿ.ಪಿ., ಖಿನ್ನತೆಯ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ, ಸಕ್ಕರೆ ಕಾಯಿಲೆ ವಸಡನ್ನು ಹಾಳು ಮಾಡುತ್ತದೆ, ಲಕ್ವ ಹೊಡೆದ ಕೈ ಬ್ರಷ್ ಹಿಡಿಯದು. ಬಾಯಿಯ ಕೊಳೆ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ಊಟವಾದ ಮೇಲೆ ಹಿರಿಯರ ಹಲ್ಲುಜ್ಜಿಸಿ ನೋಡಿದರು. ಹಾಗೆ ಉಜ್ಜಿಸಿಕೊಂಡವರಲ್ಲಿ ನ್ಯುಮೋನಿಯಾ ಕಡಿಮೆ ಕಂಡಿತು. ಇದು 2002ರಲ್ಲೇ ಪ್ರಕಟವಾದ ಸಂಗತಿ.

ಬಡ ಹಿರಿಯರಿಗೆ ಉಚಿತ ಹಲ್ಲು ಸೆಟ್ ಕೊಡಲು ಕರ್ನಾಟಕ ಸರ್ಕಾರ 2014ರಲ್ಲಿ ‘ದಂತ ಭಾಗ್ಯ’ ತಂದಿತು. ಆದರೆ ಅಜ್ಜಿ ಆಶ್ರಮದಲ್ಲಿ, ಅದಕ್ಕೆ ಬೇಕಾದ ಬಿಪಿಎಲ್ ಕಾರ್ಡು ಮಗನ ಮನೆಯ ಬೀರುವಿನಲ್ಲಿ! ಅಳತೆ ಕೊಡಲು, ಕಚ್ಚಿ ತೋರಿಸಲು, ಕೂರಿಸಿಕೊಳ್ಳಲು, ಚುಚ್ಚಿದರೆ ತಿದ್ದಿಸಲು ಅಂತ ದಂತ ಕಾಲೇಜಿಗೆ ಮತ್ತೆ ಮತ್ತೆ ಅಲೆಯಬೇಕು. ಕರೆದೊಯ್ಯುವವರು ಯಾರು?

ಮುಂದಿನ ಹುಟ್ಟುಹಬ್ಬಕ್ಕೆ ಊಟದ ಬದಲು ಆ ಅಲೆದಾಟದ ಆಟೋ ಬಾಡಿಗೆ ಕೊಡಿ. ಕೊಟ್ಟು ಸುಮ್ಮನಾಗದೆ ಜೊತೆಗೂ ಹೋಗಿ. ಆಸ್ಪತ್ರೆಯಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇರಬೇಕೆಂದು ಹಿರಿಯ ನಾಗರಿಕರ 2007ರ ಕಾಯಿದೆ ಹೇಳುತ್ತದೆ. ಇಲ್ಲದಿದ್ದರೆ ಗಟ್ಟಿಯಾಗಿ ಕೇಳಿ.

ಮಕ್ಕಳೇ, ಕಾರ್ಡಿನ ಪ್ರತಿಯನ್ನು ಆಶ್ರಮಕ್ಕೆ ತಲುಪಿಸಿ. ನೋಡಲು ಹೋದಾಗ ಹಣ್ಣಿನ ಚೀಲ ಕೊಡುವ ಮೊದಲು “ಅಮ್ಮ, ಬಾಯಿ ತೆಗಿ ನೋಡೋಣ” ಅನ್ನಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ತಡಮಾಡದೆ ದಂತವೈದ್ಯರಿಗೆ ತೋರಿಸಿ. ಎಲೆಅಡಿಕೆ, ಹೊಗೆಸೊಪ್ಪು ಹಾಕಿದ ಬಾಯಾದರೆ ಇನ್ನೂ ಎಚ್ಚರ.

ಆಶ್ರಮ ನಡೆಸುವವರೇ, ರಾತ್ರಿ ಹಲ್ಲು ಸೆಟ್ ತೆಗೆಸಿ, ಉಜ್ಜಿ, ಹೆಸರು ಬರೆದ ಡಬ್ಬಿಯಲ್ಲಿ ನೀರು ಹಾಕಿ ಇಡಿ. ಎಲ್ಲರದನ್ನೂ ಒಂದೇ ಬಟ್ಟಲಲ್ಲಿ ತೊಳೆದರೆ ಯಾರ ಹಲ್ಲು ಯಾರ ಬಾಯಿಗೋ! ಹತ್ತಿರದ ದಂತ ಕಾಲೇಜಿಗೆ ಇವತ್ತೇ ಒಂದು ಕಾಗದ ಬರೆದು, ಶಿಬಿರ ಮಾಡಿಕೊಡಿ ಎಂದು ಕೇಳಿ. ಹಿರಿಯರ ಸಹಾಯವಾಣಿ 14567 ಅನ್ನು ಅವರೇ ಓದುವಷ್ಟು ದಪ್ಪ ಅಕ್ಷರದಲ್ಲಿ ಊಟದ ಕೋಣೆಯ ಗೋಡೆಗೆ ಅಂಟಿಸಿ.